ನಮ್ಮ ಹುಡುಗಿಗೆ ಸೋಲಾರ್ ಕೆಲಸ ಆಗುತ್ತೇನಮ್ಮ?

ಹಾಸನದ ಸುತ್ತಮುತ್ತ ಮನೆಗಳ ತಾರಸಿ ಮೇಲೆ ಸೋಲಾರ್ ಪ್ಯಾನಲ್ ಕೂರಿಸುವುದು ನನ್ನ ಕೆಲಸ. ಡಿಪ್ಲೊಮಾ ಮುಗಿಸಿ ಈ ಲೈನಿಗೆ ಬಂದು ಎಂಟು ವರ್ಷ ಆಯಿತು. ಹೋದ ಮನೆಯಲ್ಲೆಲ್ಲ ಕಾಫಿ ಕೊಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಮ್ಮ ಹುಡುಗೀನೂ ಎಲೆಕ್ಟ್ರಿಕಲ್ ಓದ್ತಿದ್ದಾಳೆ. ಅವಳಿಗೆ ಈ ಕೆಲಸ ಆಗುತ್ತೇನಮ್ಮ?"

ಆಗುತ್ತದೆ. ಆದರೆ ಅಷ್ಟೇ ಹೇಳಿ ಎದ್ದು ಬರೋಕೆ ಮನಸ್ಸಾಗುವುದಿಲ್ಲ.

ಅಮ್ಮಂದಿರಿಗೆ ಮೊದಲ ಭಯ ಭಾರದ್ದು. 540 ವ್ಯಾಟ್‌ನ ಒಂದು ಪ್ಯಾನಲ್ 28 ಕೆಜಿ ಆಸುಪಾಸು ತೂಗುತ್ತದೆ. ಅದನ್ನು ಗಂಡಸರೂ ಒಬ್ಬರೇ ಎತ್ತಬಾರದು, ಆಚೆ ಈಚೆ ಇಬ್ಬರು ಹಿಡಿಯಬೇಕು. ನಿಜವಾಗಿ ಹುಷಾರಾಗಿರಬೇಕಾದ್ದು ವೈರಿಂಗ್‌ನಲ್ಲಿ. ಬಿಸಿಲು ಇರುವಷ್ಟು ಹೊತ್ತು ಪ್ಯಾನಲ್ ಆಫ್ ಮಾಡೋಕೆ ಆಗಲ್ಲ. ಆರು ಪ್ಯಾನಲ್ ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ವೈರ್‌ಗಳನ್ನು ಜೋಡಿಸುವ ಕನೆಕ್ಟರ್ ಒಂದರೊಳಗೊಂದು ಸರಿಯಾಗಿ ಕೂತರೆ 'ಟಕ್' ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದು ಬರದಿದ್ದರೆ ನಾನು ಮುಂದಕ್ಕೆ ಹೋಗುವುದಿಲ್ಲ. ಸಡಿಲ ಉಳಿದರೆ ಇವತ್ತಲ್ಲ ನಾಳೆ ಕಿಡಿ ಹಾರಿ ಸುಟ್ಟುಹೋಗುತ್ತದೆ. ಇದಕ್ಕೆ ತಾಳ್ಮೆ ಬೇಕು, ಚುರುಕು ಕಿವಿ ಬೇಕು. ತೋಳ್ಬಲದ ಕೆಲಸ ಅಲ್ಲ ಇದು.

ಕಷ್ಟ ಬೇರೆ ಕಡೆ ಇದೆ. ನನಗೆ ಮೊದಲು ಕೆಲಸ ಕೊಟ್ಟವರು ಎರಡು ವರ್ಷ ತಾರಸಿ ಹತ್ತಲು ಬಿಡಲಿಲ್ಲ. ನನ್ನ ಜೊತೆ ಸೇರಿದ ಹುಡುಗರು ಸೈಟಿಗೆ ಹೋದರು. ನಾನು ಆಫೀಸಿನಲ್ಲಿ ಕೂತು ಅರ್ಜಿ ತುಂಬಿದೆ, ಫೋನ್ ತೆಗೆದೆ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. "ಬಿಸಿಲಲ್ಲಿ ಯಾಕಮ್ಮ ನಿನಗೆ" ಅಂತಿದ್ದರು. ಆದರೆ ಸಂಬಳ ಏರುವುದು ಸೈಟಿನ ಅನುಭವದಿಂದ ಅಲ್ವಾ?

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಐರೀನಾ ಅಂತ ಒಂದು ಅಂತಾರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಇದೆ. ಅದು 2019ರಲ್ಲಿ ಕೊಟ್ಟ ವರದಿಯ ಪ್ರಕಾರ ಸೋಲಾರ್, ಗಾಳಿ ವಿದ್ಯುತ್‌ನಂಥ ಕ್ಷೇತ್ರದಲ್ಲಿ ಹೆಂಗಸರ ಪಾಲು ಶೇ 32. ತೈಲ, ಅನಿಲ ಕ್ಷೇತ್ರದಲ್ಲಿ ಶೇ 22, ಅದಕ್ಕಿಂತ ಇದು ವಾಸಿ. ಆದರೆ ಒಳಗೆ ನೋಡಿದರೆ ಕಚೇರಿ ಕೆಲಸದಲ್ಲಿ ಶೇ 45, ಎಂಜಿನಿಯರಿಂಗ್ ಥರದ ತಾಂತ್ರಿಕ ಕೆಲಸದಲ್ಲಿ ಶೇ 28. ಆ ಅಂಕಿ ಓದಿದಾಗ ನನ್ನ ಹಳೇ ಕುರ್ಚಿ ಮೇಜು ನೆನಪಾಯಿತು.

ಇನ್ನೊಂದು, ಹೇಳಲು ಸಂಕೋಚಪಡುವ ವಿಷಯ, ಶೌಚಾಲಯ. ಮನೆಯಾದರೆ ಅಮ್ಮನನ್ನೋ ಅಕ್ಕನನ್ನೋ ಕೇಳಬಹುದು. ಹೊಲದಲ್ಲಿ ಪಂಪ್‌ಸೆಟ್‌ಗೆ ಸೋಲಾರ್ ಹಾಕುವಾಗ ಯಾರನ್ನು ಕೇಳುವುದು? ಒಂದು ಬೇಸಿಗೆ ಪೂರ್ತಿ ನೀರು ಕುಡಿಯದೆ ಕೆಲಸ ಮಾಡಿ ಉರಿಮೂತ್ರ ಬಂದು ಮಲಗಿದ್ದೇನೆ. ಈಗ ಹೊಲದ ಕೆಲಸ ಒಪ್ಪುವ ಮೊದಲೇ ಅದನ್ನು ಕೇಳುತ್ತೇನೆ. ನಾಚಿಕೆ ಬಿಟ್ಟಿದ್ದೇನೆ.

ಹೆಂಗಸರು ಈ ಕೆಲಸದಲ್ಲಿದ್ದರೆ ಮನೆಯವರಿಗೂ ಅನುಕೂಲ. ಹಗಲು ಮನೆಯಲ್ಲಿರುವವರು ಜಾಸ್ತಿ ಹೆಂಗಸರೇ. ಹುಡುಗರನ್ನು ಕೇಳದ್ದನ್ನು ನನ್ನ ಹತ್ತಿರ ಕೇಳುತ್ತಾರೆ. ಸಕಲೇಶಪುರದ ಕಡೆ ಒಬ್ಬ ಅಜ್ಜಿ, "ಮಳೇಲಿ ಕರೆಂಟ್ ಹೋದ್ರೆ ಇದು ಉರಿಯುತ್ತಾ?" ಅಂದರು. ಬ್ಯಾಟರಿ ಇಲ್ಲದಿದ್ದರೆ ಇದೂ ನಿಲ್ಲುತ್ತದೆ, ಯಾಕಂದರೆ ಆಗ ನಮ್ಮ ಕರೆಂಟು ಲೈನಿಗೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್‌ ಜೀವಕ್ಕೆ ಅಪಾಯ ಅಂತ ಹೇಳಿದೆ. "ಹಂಗಾದ್ರೆ ನಿಲ್ಲಲಿ ಬಿಡು" ಅಂದರು. ಅವರ ಮಗ ಸಹಿ ಹಾಕುವಾಗ ಇದನ್ನು ಕೇಳಿರಲೇ ಇಲ್ಲ.

ಹಾಗಾಗಿ ಮಗಳನ್ನು ಕಳಿಸಿ. ಕೆಲಸಕ್ಕೆ ಸೇರುವ ದಿನವೇ ಅವಳು ಕೇಳಲಿ: ನನಗೆ ಸೈಟ್ ಕೊಡುತ್ತೀರಾ, ಯಾವಾಗಿಂದ? ಸಂಜೆ ತಡವಾದರೆ ಗಾಡಿ ಇದೆಯಾ? ನನ್ನ ಅಳತೆಯ ಸೇಫ್ಟಿ ಬೆಲ್ಟ್ ಇದೆಯಾ? ದೊಡ್ಡ ಬೆಲ್ಟ್ ಬಿಗಿದುಕೊಂಡು ಮೇಲೆ ಹತ್ತುವುದು ಬೆಲ್ಟ್ ಇಲ್ಲದಷ್ಟೇ ಅಪಾಯ.

ಇನ್ನೂ ಅನುಮಾನ ಇದ್ದರೆ ಒಂದು ದಿನ ನನ್ನ ಜೊತೆ ಬರಲಿ. ಬೆಳಿಗ್ಗೆ ಎಂಟಕ್ಕೆ ಶುರು ಮಾಡುತ್ತೇವೆ. ಶೂ ಹಾಕಿಕೊಂಡು ಬರಬೇಕು, ನೀರಿನ ಬಾಟಲಿ ತರಬೇಕು. ಮೊದಲ ದಿನ ಸುಮ್ನೆ ನೋಡಲಿ ಸಾಕು.