ಕೊಂಡಿ ಬಡಿಸಿಕೊಂಡು ಬಂದ ಚಹಾ ಬಟ್ಟಲು

ಒಡೆದ ಪಿಂಗಾಣಿಯನ್ನು ಚಿನ್ನದ ಗೆರೆಯಲ್ಲಿ ಕೂಡಿಸುವ ಕಿಂಟ್ಸುಗಿಯ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಅದರ ಬೆನ್ನಿಗೆ ಒಂದು ಕಥೆಯೂ ಬಂದೇ ಬರುತ್ತದೆ. ಹದಿನೈದನೇ ಶತಮಾನದ ಶೋಗನ್ (ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಅಶಿಕಾಗ ಯೋಶಿಮಸ ತನ್ನ ಬಿರುಕು ಬಿಟ್ಟ ಬಟ್ಟಲನ್ನು ರಿಪೇರಿಗೆಂದು ಚೀನಾಕ್ಕೆ ಕಳಿಸಿದ, ಅದು ಲೋಹದ ಕೊಂಡಿ ಬಡಿಸಿಕೊಂಡು ವಾಪಸ್ ಬಂತು, ನೋಡಿದವನಿಗೆ ತಡೆಯಲಾಗಲಿಲ್ಲ, ಆಗ ಜಪಾನಿನ ಕೆಲಸಗಾರರು ಚಿನ್ನದ ದಾರಿ ಹುಡುಕಿದರು ಅಂತ. ಕಥೆಯೇನೋ ಚೆನ್ನಾಗಿದೆ. ಆದರೆ ಆ ಬಟ್ಟಲು ಇವತ್ತಿಗೂ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ, ಕೊಂಡಿಗಳೂ ಹಾಗೇ ಇವೆ!

ಬಟ್ಟಲಿನ ಹೆಸರು ಬಕೋಹನ್. ಹುಟ್ಟಿದ್ದು ಚೀನಾದ ಲೊಂಗ್‌ಚುವಾನ್ ಭಟ್ಟಿಗಳಲ್ಲಿ, ಬಾಳಿದ್ದೆಲ್ಲ ಜಪಾನಿನಲ್ಲಿ. ನೀಲಿ ಬೆರೆತ ತಿಳಿ ಹಸಿರು ಸೆಲಡಾನ್ ಮೆರುಗು, ಹೂವಿನ ಎಸಳಿನ ಹಾಗೆ ಅಲ್ಲಲ್ಲಿ ಕಚ್ಚು ಬಿದ್ದ ಅಂಚು. ಬಿರುಕಿನ ಮೇಲೆ ಕೂತ ಕೊಂಡಿಗಳು ದೊಡ್ಡ ಮಿಡತೆಗಳ ಹಾಗೆ ಕಂಡವಂತೆ, ಹೆಸರು ಬಂದಿದ್ದೂ ಅದರಿಂದಲೇ.

ಇದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದನ್ನು ಬರೆದಿಟ್ಟವನು ಕ್ಯೋಟೊದ ವಿದ್ವಾಂಸ ಇತೊ ತೋಗೈ, 1727ರಲ್ಲಿ. ಅವನ ಪ್ರಕಾರ ಮೊದಲ ಒಡೆಯ ಹನ್ನೆರಡನೇ ಶತಮಾನದ ಜಪಾನಿನ ಸರದಾರ ತೈರಾ ನೊ ಶಿಗೆಮೊರಿ. ಅವನು ಚೀನಾದ ಒಂದು ಬೌದ್ಧ ಮಠಕ್ಕೆ ಚಿನ್ನ ಕಳಿಸಿದ್ದಕ್ಕೆ ಅಲ್ಲಿನ ಗುರು ಈ ಬಟ್ಟಲನ್ನು ಉಡುಗೊರೆ ಕೊಟ್ಟನಂತೆ. ಆಮೇಲೆ ಅದು ಯೋಶಿಮಸನ ಕೈಗೆ ಬಂತು. ಯೋಶಿಮಸ ಕೇಳಿದ್ದು ರಿಪೇರಿಯನ್ನಲ್ಲ, ಇಂಥದ್ದೇ ಇನ್ನೊಂದನ್ನು. ಈಗ ಇಂಥದ್ದು ಸಿಗುವುದಿಲ್ಲ ಅಂತ ಆಗಿನ ಮಿಂಗ್ ರಾಜವಂಶದ ಚೀನಾದವರು ಇದಕ್ಕೇ ಕೊಂಡಿ ಹಾಕಿ ಕಳಿಸಿದರು. ಕಿಂಟ್ಸುಗಿಯ ಸುದ್ದಿ ಇದರಲ್ಲಿ ಎಲ್ಲೂ ಇಲ್ಲ.

ಇದರಲ್ಲೂ ಒಂದು ತೊಡಕಿದೆ. ಶಿಗೆಮೊರಿ ಸತ್ತಿದ್ದು 1179ರಲ್ಲಿ, ಬಟ್ಟಲು ಮಾಡಿದ್ದು 13ನೇ ಶತಮಾನದಲ್ಲಿ ಅನ್ನುತ್ತದೆ ವಸ್ತುಸಂಗ್ರಹಾಲಯ. ಅಂದರೆ ಬಟ್ಟಲಿಗಿಂತ ಕಥೆಗೇ ವಯಸ್ಸು ಜಾಸ್ತಿ. ಯೋಶಿಮಸನ ಭಾಗವೂ ಅವನು ತೀರಿಕೊಂಡು ಇನ್ನೂರು ವರ್ಷ ದಾಟಿದ ಮೇಲೆ ಬರೆದದ್ದು. ನಾನು ಕಣ್ಣುಮುಚ್ಚಿ ನಂಬುವುದು ಅಲ್ಲಿಂದ ಈಚಿನದನ್ನು ಮಾತ್ರ: ತೋಗೈ ಇದನ್ನು ಕಣ್ಣಾರೆ ನೋಡಿದ್ದು ಕ್ಯೋಟೊದ ಸುಮಿನೊಕುರ ವ್ಯಾಪಾರಿ ಮನೆತನದಲ್ಲಿ, ಮುಂದೆ ಅದು ಮಿತ್ಸುಯಿ ಮನೆತನಕ್ಕೆ ಬಂತು, ಮಿತ್ಸುಯಿ ತಕಹಿರೊ ಅದನ್ನು ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟರು.

ಈ ಒಡೆಯರನ್ನೇ ನೋಡಿ. ಸುಮಿನೊಕುರ ರ್ಯೋಯಿ ಅಂದರೆ 1614ರ ಹೊತ್ತಿಗೆ ಕ್ಯೋಟೊದ ತಕಾಸೆ ಕಾಲುವೆಯನ್ನು ತನ್ನ ದುಡ್ಡಲ್ಲೇ ತೋಡಿಸಿದ ಮನುಷ್ಯ. ಮಿತ್ಸುಯಿ ಅಂದರೆ ಜಪಾನಿನ ಭಾರಿ ಶ್ರೀಮಂತ ವ್ಯಾಪಾರಿ ಮನೆತನ, ಅವರ ಬಗ್ಗೆ ಹೇಳುವುದೇ ಬೇಡ. ಇಂಥವರಿಗೆ ಒಂದು ಚಿಟಿಕೆ ಚಿನ್ನದ ಪುಡಿಗೆ ಕೊರತೆ ಇತ್ತಾ? ಕೊಂಡಿ ಕಿತ್ತು, ಕಿಂಟ್ಸುಗಿಯಲ್ಲಿ ಬಳಸುವ ಉರುಶಿ ಮರದ ಅಂಟಿನಲ್ಲಿ ಕೂಡಿಸಿ, ಚಿನ್ನ ಹಚ್ಚಿಸಬಹುದಿತ್ತು. ಯಾರೂ ಮುಟ್ಟಲಿಲ್ಲ. ಕೊಂಡಿ ಅವರಿಗೆ ಅಸಹ್ಯ ಅನ್ನಿಸಿತ್ತು ಅನ್ನುವ ಮಾತನ್ನು ನಾನು ಒಪ್ಪದಿರುವುದು ಅದಕ್ಕೇ.

ಕೊಂಡಿಯ ಕೆಲಸವೂ ಒರಟು ಕೆಲಸವೇನಲ್ಲ. ಬಿರುಕಿನ ಎರಡೂ ಪಕ್ಕ ಸಣ್ಣ ತೂತು ಕೊರೆಯಬೇಕು, ಅದೂ ಗೋಡೆಯ ಅರ್ಧ ದಪ್ಪದವರೆಗೆ ಮಾತ್ರ, ಸ್ವಲ್ಪ ಆಳವಾದರೆ ತೂತು ಒಳಗಿನ ಮೈಗೇ ಬಂದುಬಿಡುತ್ತದೆ. ಆಮೇಲೆ ಕೊಂಡಿಯನ್ನು ಬಿಗಿಯಾಗಿ ಕೂರಿಸಬೇಕು, ಅದರ ಎಳೆತವೇ ಬಿರುಕನ್ನು ಹಿಡಿದಿಡಬೇಕು. ಪಿಂಗಾಣಿಯಂಥ ಪೆಡಸು ವಸ್ತುವಿನಲ್ಲಿ ಇದನ್ನು ಮಾಡುವ ಧೈರ್ಯ ಬೇಕಲ್ವಾ?

ಚಿನ್ನದ ಮೇಲೆ ನನಗೇನೂ ಸಿಟ್ಟಿಲ್ಲ. ಜಪಾನಿನ ಹಳೆಯ ಕಲಾವಿದ ಹೊನ್ನಾಮಿ ಕೋಎತ್ಸು ಮಾಡಿದ ಸೆಪ್ಪೊ ಅನ್ನುವ ಬಟ್ಟಲಿನಲ್ಲಿ ಭಟ್ಟಿಯಲ್ಲೇ ಬಿದ್ದ ಬಿರುಕಿಗೆ ಚಿನ್ನ ತುಂಬಿದ್ದಾರೆ, ಅಲ್ಲಿ ಅದೇ ಸರಿ ಅನ್ನಿಸುತ್ತದೆ. ಬಕೋಹನ್ ಬೇರೆ ಜಾತಿಯದು. ಅದರ ಫೋಟೊ ಹುಡುಕುವುದಾದರೆ ಮೇಲಿಂದ ತೆಗೆದದ್ದನ್ನು ಬಿಡಿ, ಹೊರಮೈ ಕಾಣುವಂಥದ್ದನ್ನು ನೋಡಿ. ಕೊಂಡಿಗಳು ಇರುವುದು ಅಲ್ಲಿ.