ಜ್ವರ ಯಾವಾಗ ಬಂತು?

ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಜ್ವರ, ಕೆಮ್ಮು ಇರುವ ಮಕ್ಕಳ ಮೂಗು, ಗಂಟಲಿನಿಂದ ಸ್ವ್ಯಾಬ್ ತೆಗೆದು ಫ್ಲೂ ಪರೀಕ್ಷೆಗೆ ಕಳಿಸುತ್ತೇನೆ. ಮಳೆಗಾಲದಲ್ಲಿ ಜಾಸ್ತಿ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು.

ಹೊಸತರಲ್ಲಿ ಸ್ವ್ಯಾಬ್ ತೆಗೆಯುವುದೇ ದೊಡ್ಡ ಕೆಲಸ ಅಂದುಕೊಂಡಿದ್ದೆ. ತಾಯಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ಒಂದು ಕೈಯಿಂದ ಹಣೆ, ಇನ್ನೊಂದರಿಂದ ಎರಡೂ ಕೈ ಹಿಡಿಯಬೇಕು. ಅಷ್ಟರಲ್ಲಿ ಕಾಲಿಂದ ಒದ್ದು ನನ್ನ ಕನ್ನಡಕ ಹಾರಿಸಿದ ಪೈಲ್ವಾನರೂ ಇದ್ದಾರೆ. ಫಾರಂ ಮಾತ್ರ ಸುಮ್ನೆ ಕಾಟಾಚಾರಕ್ಕೆ ತುಂಬುತ್ತಿದ್ದೆ.

ಒಂದು ದಿನ ಸ್ಯಾಂಪಲ್ ಹೋಗುವ ಲ್ಯಾಬಿನಿಂದ ಫೋನ್ ಬಂತು. "ಎಲ್ಲಾ ಹುಡುಗರಿಗೂ ಎರಡ ದಿನದ ಜ್ವರ ಅಂತ ಬರದೀರಿ. ಮತ್ತ ವೈರಸ್ ಇಷ್ಟ ಕಡಿಮಿ ಯಾಕ ಸಿಗಾಕತ್ತೈತ್ರಿ?"

ಸ್ಯಾಂಪಲ್ ಐಸ್ ಪೆಟ್ಟಿಗೆಯಲ್ಲೇ ಹೋಗಿತ್ತು. ತಪ್ಪಿದ್ದು ದಿನಾಂಕ. ಜ್ವರ ಬಂದ ಮೊದಲ ಮೂರ‍್ನಾಲ್ಕು ದಿನ ವೈರಸ್ ಚೆನ್ನಾಗಿ ಸಿಗುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಸ್ವಲ್ಪವೇ ಇದ್ದರೂ, ವೈರಸ್ಸಿನ ವಂಶವಾಹಿ ಹುಡುಕುವ ಪರೀಕ್ಷೆಯಾದ ಪಿಸಿಆರ್‌ನಲ್ಲಿ ಎಚ್‌1ಎನ್‌1, ಎಚ್‌3ಎನ್‌2, ಇಲ್ಲವೇ ಬಿ, ಯಾವ ಬಗೆಯ ಫ್ಲೂ ವೈರಸ್ ಅಂತ ತಿಳಿಯಬಹುದು. ಆದರೆ ಅದೇ ಎಚ್‌3ಎನ್‌2 ಹೋದ ವರ್ಷಕ್ಕಿಂತ ಎಷ್ಟು ಬದಲಾಗಿದೆ ಅಂತ ನೋಡಲು ಸೀಕ್ವೆನ್ಸಿಂಗ್, ಅಂದರೆ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುವ ಕೆಲಸ, ಆಗಬೇಕು, ಅದಕ್ಕೆ ವೈರಸ್ ಧಾರಾಳವಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುವುದು ಇಂಥ ಮಾಹಿತಿ ನೋಡಿಯೇ. ಬಿ ವೈರಸ್ಸಿನಲ್ಲಿ ಯಮಗಾಟ ಅನ್ನೋ ಒಂದು ಬಳಗ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಹಾಗಾಗಿ ಅದನ್ನು ಲಸಿಕೆಯಿಂದ ಕೈಬಿಡಿ ಅಂದರು. 'ಇಲ್ಲ' ಅನ್ನೋದಕ್ಕೂ ಒಳ್ಳೆ ಸ್ಯಾಂಪಲ್ ಬೇಕು, ಅಲ್ವಾ?

ಹಾಗಂತ ತಾಯಂದಿರು ಸುಳ್ಳುಗಾರರಲ್ಲ. "ಇಷ್ಟ್ ದಿನಾ ಏನ್ ಮಾಡ್ತಿದ್ರಿ?" ಅಂತ ಒಳಗೆ ಬೈಸಿಕೊಳ್ಳುವ ಹೆದರಿಕೆ. ಅದಕ್ಕೇ "ನಿನ್ನಿಯಿಂದ್ರಿ" ಅನ್ನುತ್ತಾರೆ. ನಾನೂ ಕೇಳುವಾಗ ಮುಖ ನೋಡದೆ, ಪೆನ್ನು ಹಿಡಿದುಕೊಂಡೇ ಕೇಳುತ್ತಿದ್ದೆ.

ಈಗ ಎಷ್ಟು ದಿನ ಆಯ್ತು ಅಂತ ಕೇಳುವುದಿಲ್ಲ. "ಶನಿವಾರ ಮುಂಜಾನಿ ಸಾಲಿಗೆ ಹೋಗಿದ್ನೇನ್ರೀ? ಊಟ ಯಾವಾಗಿಂದ ಬಿಟ್ಟಾನ್ರಿ?" ಅನ್ನುತ್ತೇನೆ. ಕಳೆದ ವಾರ ಒಬ್ಬ ಅಜ್ಜಿ ಮೊದಲು ನಿನ್ನೆ ಅಂದರು. ಸಾಲಿ ವಿಷಯ ತೆಗೆದಾಗ ಮೊಮ್ಮಗನ ತಲೆ ಸವರುತ್ತಾ, "ಹುಣ್ಣಿಮಿ ಮರುದಿನಾ ಹೋಳಗಿ ಸೈತ ಮುಟ್ಟಲಿಲ್ಲ ನೋಡ್ರಿ" ಅಂದರು. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಎಣಿಸಿದೆ. ಒಂಬತ್ತು ದಿನ. ಹಾಗೇ ಬರೆದೆ.