ಮೂರು ತಿಂಗಳು ಒಳಗೆ ಹಾಕಿ ಸಿಕ್ಕಿದ್ದೇನು?

ಜೈಲು ಸುಧಾರಣೆ ಅಂತ ಬಾಯಿ ತೆಗೆದ್ರೆ ಸಾಕು, ಎಲ್ರೂ ಸೀದಾ ದೊಡ್ಡ ಕೇಸಿಗೇ ಹೋಗ್ಬಿಡ್ತಾರೆ, ಕೊಲೆ ಮಾಡಿದವನನ್ನ ಬಿಟ್ಬಿಡ್ಬೇಕಾ, ರೇಪ್ ಮಾಡಿದವನಿಗೆ ಗಿಡ ನೆಡೋ ಶಿಕ್ಷೆ ಕೊಡ್ಬೇಕಾ ಅಂತ. ಇಲ್ಲಪ್ಪ, ನಾನಂತೂ ಹಾಗೆ ಹೇಳ್ತಿಲ್ಲ. ಹೊರಗಿದ್ರೆ ಬೇರೆಯವರ ಜೀವಕ್ಕೆ ಅಪಾಯ ಅನ್ನೋರು ಒಳಗೇ ಇರ್ಲಿ. ನನ್ನ ತಕರಾರೇನಿದ್ರೂ ಸಣ್ಣ ಸಣ್ಣ ಶಿಕ್ಷೆಗಳ ಬಗ್ಗೆ. ಒಂದು ತಿಂಗಳು, ಮೂರು ತಿಂಗಳು, ಹೆಚ್ಚಂದ್ರೆ ಆರು ತಿಂಗಳು. ಚಿಲ್ಲರೆ ಕಳ್ಳತನ, ಕುಡಿದು ಗಲಾಟೆ, ದಂಡ ಕಟ್ಟಿಲ್ಲ, ಇಂಥವು.

ಮೂರು ತಿಂಗಳಲ್ಲಿ ಏನೇನು ಹೋಗತ್ತೆ ಲೆಕ್ಕ ಹಾಕಿ ನೋಡಿ. ಮೊದಲನೇ ವಾರಕ್ಕೇ ಕೆಲಸ ಹೋಯ್ತು. ಎರಡನೇ ತಿಂಗಳು ಬಾಡಿಗೆ ಕಟ್ಟೋರಿಲ್ದೆ ಮನೆ ಹೋಯ್ತು, ಸಾಮಾನೆಲ್ಲ ಯಾರೋ ಮೂಟೆ ಕಟ್ಟಿ ಇನ್ಯಾರದೋ ಮನೆ ಮೂಲೇಲಿ ಹಾಕಿರ್ತಾರೆ. ಮಗು ಇದ್ರೆ ಅಪ್ಪ ಎಲ್ಲಿ ಎಲ್ಲಿ ಅಂತ ಕೇಳಿ ಕೇಳಿ ಕೊನೆಗೆ ಕೇಳೋದನ್ನೇ ಬಿಟ್ಟಿರತ್ತೆ. ಬಿಡುಗಡೆ ದಿನ ಗೇಟ್ ಹತ್ರ ಅವನ ಕೈಗೆ ಒಂದು ಕವರ್ ಬರತ್ತೆ, ಅದ್ರಲ್ಲಿ ಒಳಗೆ ಹೋಗೋವಾಗ ಹಾಕ್ಕೊಂಡಿದ್ದ ಬಟ್ಟೆ, ಬೆಲ್ಟು, ಚಾರ್ಜ್ ಇಲ್ದೆ ಸತ್ತಿರೋ ಫೋನು. ಫೋನ್ ಆನ್ ಆದ್ರೂ ಯಾರಿಗೆ ಅಂತ ಮಾಡ್ತಾನೆ? ಒಳಗೆ ಪಕ್ಕದಲ್ಲಿ ಮಲಗ್ತಿದ್ದವನು ಕೊಟ್ಟ ನಂಬರಿಗೆ. ಆ ಮೂರು ತಿಂಗಳ ಸಂಪಾದನೆ ಅದೊಂದೇ ತಾನೆ. ಒಂದು ಕಸುಬು ಕಲಿಸೋಕೆ, ಕುಡಿತ ಬಿಡಿಸೋಕೆ ಮೂರು ತಿಂಗಳು ಏನೇನೂ ಸಾಲಲ್ಲ, ಇದ್ದ ಬದುಕು ಕೆಡಿಸೋಕೆ ಮಾತ್ರ ಧಾರಾಳ ಸಾಕು. ಜಡ್ಜ್ ಓದಿದ್ದು ಮೂರು ತಿಂಗಳು ಅಂತ ಅಷ್ಟೇ, ಕೆಲಸ ಹೋಗ್ಲಿ ಮನೆ ಹೋಗ್ಲಿ ಅಂತ ಆರ್ಡರಲ್ಲಿ ಎಲ್ಲೂ ಬರೆದಿರ್ಲಿಲ್ಲ.

ಇದೇನು ನನಗೇ ಹೊಳೆದಿದ್ದಲ್ಲ. ಪಶ್ಚಿಮ ಜರ್ಮನಿಯವರು 1969ರಲ್ಲೇ ಕಾನೂನು ತಿದ್ದಿ, ಆರು ತಿಂಗಳಿಗಿಂತ ಕಮ್ಮಿ ಜೈಲು ತೀರಾ ಅನಿವಾರ್ಯ ಆದ್ರೆ ಮಾತ್ರ ಅಂದ್ರು. ಅಲ್ಲೀವರೆಗೆ ಅಂಥ ಶಿಕ್ಷೆಗಳು ವರ್ಷಕ್ಕೆ ಲಕ್ಷದ ಮೇಲಿದ್ವು, ಕೆಲವೇ ವರ್ಷದಲ್ಲಿ ಅದ್ರಲ್ಲಿ ಒಂದು ಸಣ್ಣ ಪಾಲಿಗೆ ಇಳೀತು. ಆ ಜಾಗಕ್ಕೆ ಬಂದಿದ್ದು ದಂಡ, ಅದೂ 1975ರಿಂದ ದಿನದ ಲೆಕ್ಕದ ದಂಡ. ಫಿನ್‌ಲೆಂಡಲ್ಲಿ ಇದು 1921ರಿಂದಾನೇ ಇದೆ. ತಪ್ಪು ಎಷ್ಟು ದೊಡ್ಡದು ಅಂತ ನೋಡಿ ಇಷ್ಟು ದಿನ ಅಂತಾರೆ, ದಿನಕ್ಕೆ ಎಷ್ಟು ದುಡ್ಡು ಅನ್ನೋದು ಅವರವರ ಆದಾಯದ ಮೇಲೆ. ಕೂಲಿಯವನಿಗೂ 30 ದಿನ, ಅವನ ಮಾಲೀಕನಿಗೂ 30 ದಿನ, ಆದ್ರೆ ಕಟ್ಟೋ ದುಡ್ಡು ಬೇರೆ, ಇಬ್ಬರಿಗೂ ಚುರುಕು ಮುಟ್ಟತ್ತೆ. ಎಲ್ರಿಗೂ ಒಂದೇ ದಂಡ ಅಂತ ಇಟ್ರೆ ಒಬ್ಬನಿಗೆ ಅದು ಜೇಬಿನ ಚಿಲ್ಲರೆ, ಇನ್ನೊಬ್ಬನಿಗೆ ತಿಂಗಳ ಸಂಬಳ.

ಹಾಗಂತ ಅಲ್ಲೂ ಎಲ್ಲಾ ಸರಿ ಇದೆ ಅಂತಲ್ಲ. ದಂಡ ಕಟ್ಟಕ್ಕಾಗದವರನ್ನ ಜರ್ಮನಿ ಕೊನೆಗೆ ಜೈಲಿಗೇ ಕಳಿಸತ್ತೆ, ಟಿಕೆಟ್ ಇಲ್ದೆ ರೈಲು ಹತ್ತಿ ಸಿಕ್ಕಿಬಿದ್ದವರೂ ಅದ್ರಲ್ಲಿ ಇರ್ತಾರೆ. ಒಂದು ದಿನದ ದಂಡಕ್ಕೆ ಒಂದು ದಿನ ಜೈಲು ಅಂತಿತ್ತು, 2024ರಲ್ಲಿ ಅದನ್ನ ಅರ್ಧಕ್ಕೆ ಇಳಿಸಿದ್ರು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ.

ನನಗೆ ತುಂಬಾ ಹಿಡಿಸಿದ್ದು ಕೆನಡಾದ ಒಂದು ಹಳೇ ಕೇಸು. 1974, ಒಂಟಾರಿಯೋದಲ್ಲಿ ಎಲ್ಮೈರಾ ಅನ್ನೋ ಸಣ್ಣ ಊರು. ಇಬ್ಬರು ಹುಡುಗ್ರು ಕುಡಿದು ಒಂದೇ ರಾತ್ರಿ 22 ಕಡೆ ದಾಂಧಲೆ ಮಾಡಿದ್ರು, ಟೈರ್ ಕುಯ್ದು ಗಾಜು ಒಡೆದು. ಕಂಬಿ ಎಣಿಸ್ಬೇಕಾದ ಕೇಸೇ. ಮಾರ್ಕ್ ಯಾಂಟ್ಸಿ ಅನ್ನೋ ಪ್ರೊಬೇಷನ್ ಆಫೀಸರ್ (ಜೈಲಿಗೆ ಹಾಕದೆ ಹೊರಗೆ ಬಿಟ್ಟವರ ಮೇಲೆ ನಿಗಾ ಇಡೋ ಅಧಿಕಾರಿ), ಈ ಹುಡುಗ್ರು ಹೋಗಿ ನಷ್ಟ ಆದವರನ್ನೆಲ್ಲ ಎದುರಾ ಎದುರು ನೋಡಿದ್ರೆ ಹೇಗೆ ಅಂತ ಕೋರ್ಟಿಗೆ ಹೇಳಿದ್ರು, ಜಡ್ಜ್ ಒಪ್ಕೊಂಡ್ರು. ಆಮೇಲೆ ಆ ಹುಡುಗ್ರು ಒಂದೊಂದೇ ಮನೆ ಬಾಗಿಲು ತಟ್ಟಿ, ಒಡೆದಿದ್ದು ನಾವೇ ಅಂತ ಹೇಳಿ, ನಷ್ಟ ಎಷ್ಟಾಯ್ತು ಅಂತ ಕೇಳ್ಕೊಂಡು ಬಂದ್ರು, ಕೆಲವು ತಿಂಗಳಲ್ಲಿ ದುಡ್ಡು ಹೊಂದಿಸಿ ತಿರುಗಿ ಹೋಗಿ ಕೊಟ್ರು. ಗೋಡೆ ನೋಡ್ಕೊಂಡು ಮಲಗೋದಕ್ಕಿಂತ ಇದು ಕಷ್ಟ ಅಂತ ನನಗನ್ಸತ್ತೆ, ಮುಖ ಎಲ್ಲಿ ಇಟ್ಕೋತೀರ ಹೇಳಿ. ಇನ್ನೊಂದು ಕಡೆಯಿಂದ ನೋಡಿ, ಗಾಜು ಕಳ್ಕೊಂಡವರಿಗೆ ಮಾಮೂಲಿ ಕೋರ್ಟಲ್ಲಿ ಸಾಕ್ಷಿ ಹೇಳೋದು ಬಿಟ್ರೆ ಬೇರೆ ಕೆಲಸ ಇಲ್ಲ, ಅವರ ತಲೇಲಿ ಕೊರೀತಿರೋ ಪ್ರಶ್ನೆ "ನಮ್ಮನೇನೇ ಯಾಕೆ?" ಅಂತ, ಅದಕ್ಕೆ ಉತ್ತರ ಕೊಡಕ್ಕೆ ಆಗೋದು ಒಡೆದವನಿಗೆ ಮಾತ್ರ. ಎಲ್ಲಾ ಕೇಸಿಗೂ ಇದು ಒಗ್ಗಲ್ಲ, ಅದೂ ನಿಜ. ಹೆಂಡತಿಗೆ ಹೊಡೆದವನ ಎದುರು ಅವಳನ್ನೇ ಕೂರ್ಸಿ ರಾಜಿ ಮಾಡ್ಕೋಮ್ಮ ಅನ್ನೋದು ಇನ್ನೊಂದು ಹಿಂಸೆ ಆಗತ್ತೆ.

ಸಮುದಾಯ ಸೇವೆ ಅನ್ನೋದೂ ಇದೆ, ಅಂದ್ರೆ ಜೈಲಿನ ಬದಲು ಸಂಬಳ ಇಲ್ದೆ ಊರಿನ ಕೆಲಸ ಮಾಡೋ ಶಿಕ್ಷೆ, ಇಂಗ್ಲೆಂಡಲ್ಲಿ 1972ರ ಕಾನೂನಲ್ಲಿ ಬಂತು, ಭಾರತದಲ್ಲಿ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ರಿಂದ ಕೆಲವು ಸಣ್ಣ ತಪ್ಪುಗಳಿಗೆ ಇದೆ. ಒಳ್ಳೇದೇ. ಆದ್ರೆ ಶಿಕ್ಷೆ ಆದವನು ಬಂದ್ನಾ, ಕೆಲಸ ಮಾಡಿದ್ನಾ, ಬರ್ಲಿಲ್ಲ ಅಂದ್ರೆ ಯಾಕೆ ಬರ್ಲಿಲ್ಲ ಅಂತ ನೋಡೋಕೆ ಸಂಬಳದ ಜನ ಬೇಕು, ಅದಿಲ್ದಿದ್ರೆ ಆರ್ಡರ್ ಬರೀ ಕಾಗದ.

ಮನುಷ್ಯ ಎಲ್ಲಿದ್ದಾನೆ ಅಂತ ನಿಗಾ ಇಡೋಕೆ ಕಾಲಿಗೆ ಕಟ್ಟೋ ಎಲೆಕ್ಟ್ರಾನಿಕ್ ಪಟ್ಟಿ ಬಗ್ಗೆ ಮಾತ್ರ ನನಗೆ ಅನುಮಾನ. 1983ರಲ್ಲಿ ನ್ಯೂ ಮೆಕ್ಸಿಕೋದ ಒಬ್ಬ ಜಡ್ಜ್ ಇದನ್ನ ಶುರು ಮಾಡಿದ್ದು, ಐಡಿಯಾ ಹೊಳೆದಿದ್ದು ಸ್ಪೈಡರ್‌ಮ್ಯಾನ್ ಕಾಮಿಕ್ ನೋಡಿ ಅಂತೆ, ತಮಾಷೆ ಅಲ್ಲ ನಿಜವಾಗ್ಲೂ. ಜೈಲಿಗೆ ಹೋಗ್ಬೇಕಾದವನಿಗೆ ಕಟ್ಟಿದ್ರೆ ಸರಿ, ಸುಮ್ನೆ ಮನೆಗೆ ಕಳಿಸ್ಬಹುದಾಗಿದ್ದವನಿಗೂ ಇರ್ಲಿ ಅಂತ ಕಟ್ಟಕ್ಕೆ ಶುರು ಮಾಡಿದ್ರೆ? ಅಮೆರಿಕದ ಎಷ್ಟೋ ಕಡೆ ಅದರ ಬಾಡಿಗೆಯನ್ನೂ ಕಟ್ಟಿಸ್ಕೊಂಡವನಿಂದಾನೇ ವಸೂಲಿ ಮಾಡ್ತಾರೆ. ದಿನಾ ಪ್ಲಗ್ ಪಾಯಿಂಟ್ ಪಕ್ಕ ಕಾಲು ಚಾಚಿ ಕೂತು ಚಾರ್ಜ್ ಮಾಡ್ಕೋಬೇಕು. ಕೆಲಸದಲ್ಲಿದ್ದಾಗ ಚಾರ್ಜ್ ಮುಗೀತು ಅಂದ್ರೆ ಅಲಾರಂ, ಅಲಾರಂ ಹೊಡೀತು ಅಂದ್ರೆ ಷರತ್ತು ಮುರಿದ ಲೆಕ್ಕ, ಷರತ್ತು ಮುರಿದ್ರೆ ಮತ್ತೆ ಒಳಗೆ, ಅದೇ ಮೂರು ತಿಂಗಳಿಗೆ.